ಇಎಸ್‌ಪಿ32ಕ್ಕೆ ಹೆಚ್ಚುವರಿ ಸೀರಿಯಲ್ ಪೋರ್ಟ್: ಯಾವ ಚಿಪ್ ಒಳ್ಳೆಯದು?

ಪ್ರಶ್ನೆ: ಜಿಪಿಎಸ್, 4ಜಿ ಮೋಡೆಮ್, ಧೂಳು ಅಳೆಯುವ ಸೆನ್ಸರ್ ಮತ್ತು ಆರ್‌ಎಸ್485 (ಒಂದೇ ಜೋಡಿ ತಂತಿಯಲ್ಲಿ ಸರದಿಯಂತೆ ಎರಡೂ ದಿಕ್ಕಿಗೆ ಮಾಹಿತಿ ಸಾಗಿಸುವ ಸಂಪರ್ಕ) ಮೀಟರ್, ಈ ನಾಲ್ಕನ್ನೂ ಒಂದೇ ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಬೋರ್ಡಿಗೆ ಜೋಡಿಸಬೇಕಾಗಿದೆ. ಅದರ ಮೂರು ಯುಎಆರ್‌ಟಿಗಳಲ್ಲಿ (ಸೀರಿಯಲ್ ಪೋರ್ಟ್ ನಡೆಸುವ ಸರ್ಕ್ಯೂಟ್‌ಗಳಲ್ಲಿ) ಒಂದು ಪ್ರೋಗ್ರಾಂ ತುಂಬುವುದಕ್ಕೇ ಹೋಗುತ್ತದೆ. ಬಳಸಿ ನೋಡಿದವರು ಸೂಕ್ತ ಚಿಪ್ ತಿಳಿಸಬೇಕಾಗಿ ವಿನಂತಿ.

ಉತ್ತರ 1: ಎನ್‌ಎಕ್ಸ್‌ಪಿ ಕಂಪನಿಯ ಎಸ್‌ಸಿ16ಐಎಸ್752 ಚಿಪ್ಪನ್ನು ನಾನು ಎರಡು ಬಾರಿ ಬಳಸಿದ್ದೇನೆ. ಐ2ಸಿ ಅಥವಾ ಎಸ್‌ಪಿಐ ಎಂಬ ಚಿಪ್‌ಗಳ ನಡುವಿನ ಸಂಪರ್ಕಗಳ ಮೂಲಕ ಜೋಡಿಸಬಹುದಾದ ಇದರಲ್ಲಿ ಎರಡು ಯುಎಆರ್‌ಟಿಗಳಿದ್ದು, ಪ್ರತಿಯೊಂದರಲ್ಲೂ ಕಳುಹಿಸಲು 64 ಬೈಟ್, ಸ್ವೀಕರಿಸಲು 64 ಬೈಟ್‌ಗಳ ಫೈಫೊ (ಬೈಟ್‌ಗಳು ಸರದಿಯಲ್ಲಿ ಕಾಯುವ ತಾತ್ಕಾಲಿಕ ಮೆಮೊರಿ) ಇರುತ್ತದೆ. 9600 ಬಾಡ್ (ಸೆಕೆಂಡಿಗೆ ಅಷ್ಟು ಬಿಟ್) ವೇಗದಲ್ಲಿ ಒಂದು ಬೈಟ್ ಬರಲು ಒಂದು ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಸಮಯ ಹಿಡಿಯುವುದರಿಂದ, ಫೈಫೊ ತುಂಬುವ ಮೊದಲು ನಿಮ್ಮ ಪ್ರೋಗ್ರಾಮಿಗೆ ಸುಮಾರು 66 ಮಿಲಿಸೆಕೆಂಡ್ ಬಿಡುವು ಸಿಗುತ್ತದೆ. 115200 ಬಾಡ್‌ನಲ್ಲಾದರೋ ಅದು ಐದೂವರೆ ಮಿಲಿಸೆಕೆಂಡಿನಲ್ಲೇ ತುಂಬಿ, ದತ್ತಾಂಶ ಬಂದಿದೆಯೆಂದು ಬೋರ್ಡಿಗೆ ಸೂಚಿಸುವ ಇಂಟರಪ್ಟ್ ಪಿನ್ನನ್ನು ಜೋಡಿಸದೇ ಇದ್ದರೆ ಅಕ್ಷರಗಳು ಕಳೆದುಹೋಗುತ್ತವೆ. ಆದ್ದರಿಂದ ವೇಗದ ಮೋಡೆಮನ್ನು ಇಎಸ್‌ಪಿ32ರ ಸ್ವಂತ ಯುಎಆರ್‌ಟಿಗೇ ಬಿಟ್ಟು, ನಿಧಾನಗತಿಯ ಜಿಪಿಎಸ್ ಮತ್ತು ಧೂಳಿನ ಸೆನ್ಸರನ್ನು ಈ ಚಿಪ್ಪಿಗೆ ವಹಿಸಿ. ಮೀಟರ್ ಕೂಡ ಸ್ವಂತ ಯುಎಆರ್‌ಟಿಯಲ್ಲಿಯೇ ಇರಲಿ, ಏಕೆಂದರೆ ಆರ್‌ಎಸ್485ರ ದಿಕ್ಕು ಬದಲಿಸುವ ಕೆಲಸವನ್ನು ಇಎಸ್‌ಪಿ32ರ ಹಾರ್ಡ್‌ವೇರ್ ತಾನೇ ಮಾಡಬಲ್ಲದು.

ಉತ್ತರ 2: ಮೇಲಿನವರ ಸಲಹೆ ಸರಿಯಾಗಿದೆ, ಆದರೆ ಚಿಪ್ಪಿನ ವೇಗಕ್ಕೆ ಆಧಾರವಾದ ಗಡಿಯಾರದ ಮಿಡಿತ ಕೊಡುವ ಕ್ರಿಸ್ಟಲ್ ಬಗ್ಗೆ ಎಚ್ಚರವಿರಲಿ. ಆನ್‌ಲೈನಿನಲ್ಲಿ ತರಿಸಿದ ನನ್ನ ಮಾಡ್ಯೂಲಿನಲ್ಲಿ ಇದ್ದದ್ದು 1.8432 ಮೆಗಾಹರ್ಟ್ಸ್ ಕ್ರಿಸ್ಟಲ್. ನಾನು ಬಳಸಿದ ಲೈಬ್ರರಿ 14.7456 ಎಂದು ಭಾವಿಸಿ 9600 ಬಾಡ್ ಪಡೆಯಲು ಕ್ರಿಸ್ಟಲ್ ವೇಗವನ್ನು ಭಾಗಿಸುವ ಭಾಜಕವಾಗಿ ಚಿಪ್ಪಿಗೆ 96 ಎಂದು ಬರೆಯುತ್ತಿತ್ತು. ಹೀಗಾಗಿ ಚಿಪ್ 1200 ಬಾಡ್‌ನಲ್ಲಿ ಕೆಲಸ ಮಾಡುತ್ತಿದ್ದು, ಜಿಪಿಎಸ್‌ನಿಂದ ಬಂದದ್ದೆಲ್ಲ ಅರ್ಥವಿಲ್ಲದ ಚಿಹ್ನೆಗಳೇ ಆಗಿದ್ದವು. ತಂತಿಗಳನ್ನು ಬದಲಾಯಿಸುತ್ತಲೇ ಎರಡು ದಿನ ಕಳೆದೆ. ಕ್ರಿಸ್ಟಲ್ ಮೇಲೆ ಅಚ್ಚಾಗಿರುವ ಅಂಕಿಯನ್ನು ಮೊದಲು ಓದಿಬಿಡಿ.

ಉತ್ತರ 3: ನಾಲ್ಕೂ ಒಂದೇ ಚಿಪ್ಪಿನಲ್ಲಿ ಬೇಕೆಂದಾದರೆ ಮ್ಯಾಕ್ಸ್14830 ಇದೆ, ಫೈಫೊ ಕೂಡ 128 ಬೈಟ್‌ಗಳಷ್ಟು ದೊಡ್ಡದು. ಆದರೆ ಕಾಲುಗಳು ಹೊರಚಾಚದ 48 ಪಿನ್‌ಗಳ ಆ ಪ್ಯಾಕೇಜನ್ನು ಮಾಮೂಲಿ ಸೋಲ್ಡರಿಂಗ್ ಐರನ್‌ನಿಂದ ಕೂರಿಸುವುದು ಕಷ್ಟ. ಕಂಪ್ಯೂಟರಿಗೇ ಜೋಡಿಸುವುದಾಗಿದ್ದರೆ ಯುಎಸ್‌ಬಿಯ ಎಫ್‌ಟಿ4232ಎಚ್ ಸಾಕಾಗುತ್ತಿತ್ತು. ಬೋರ್ಡ್ ಬದಲಿಸಲು ಸಿದ್ಧರಿದ್ದರೆ ಚಿಪ್ಪಿನ ಗೊಡವೆಯೇ ಬೇಡ: ಟೀನ್ಸಿ 4.1ರಲ್ಲಿ ಎಂಟು ಸೀರಿಯಲ್ ಪೋರ್ಟ್‌ಗಳಿವೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದಗಳು. 752 ಚಿಪ್ಪನ್ನೇ ತರಿಸುತ್ತೇನೆ. ಆದರೆ ಯುಎಆರ್‌ಟಿ1 ಆರಂಭಿಸಿದೊಡನೆ ಬೋರ್ಡ್ ರೀಸೆಟ್ ಆಗುತ್ತಿದೆಯಲ್ಲ?

ಉತ್ತರ 1: ಅದರ ಡೀಫಾಲ್ಟ್ ಪಿನ್‌ಗಳಾದ 9 ಮತ್ತು 10 ಇಎಸ್‌ಪಿ32ರ ವ್ರೂಮ್ ಮಾಡ್ಯೂಲಿನಲ್ಲಿ ಫ್ಲ್ಯಾಶ್ ಮೆಮೊರಿಗೆ ಸೇರಿವೆ. ಪ್ರೋಗ್ರಾಮಿನಲ್ಲಿ 25 ಮತ್ತು 26ನ್ನು ಸೂಚಿಸಿ ನೋಡಿ.