ಸೆಡೇಶನ್‌ಗೆ ‘ಅರಿವಳಿಕೆ’ ಸರಿಯೇ, ‘ಮಂಪರು’ ಸಾಕೇ?

ಗೆಳೆಯರೇ,

ಎಂಡೋಸ್ಕೋಪಿಗೆ (ಕ್ಯಾಮೆರಾ ಇರುವ ಕೊಳವೆ ಇಳಿಸಿ ಹೊಟ್ಟೆಯೊಳಗೆ ನೋಡುವ ಪರೀಕ್ಷೆಗೆ) ಮುಂಚೆ ರೋಗಿಗಳು ಸಹಿ ಹಾಕುವ ಒಪ್ಪಿಗೆ ಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹಳೆಯ ಕರಡಿನ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ: ‘ನಿಮಗೆ ಅರಿವಳಿಕೆ ನೀಡಲಾಗುವುದು.’ ಮೂಲದಲ್ಲಿರುವ ಪದ ಸೆಡೇಶನ್, ಅಂದರೆ ಮದ್ದು ಕೊಟ್ಟು ರೋಗಿಯನ್ನು ಶಾಂತವಾಗಿ, ನಿದ್ದೆಗಣ್ಣಿನಲ್ಲಿ ಇರಿಸುವುದು.

ಅರಿವಳಿಕೆ ಅಂದರೆ ಅರಿವು ಅಳಿಯುವುದು. ಸೆಡೇಶನ್‌ನಲ್ಲಿ ಅರಿವು ಪೂರ್ತಿ ಹೋಗಲೇಬೇಕೆಂದಿಲ್ಲ. ಅದಕ್ಕೆ ಬಳಸುವ ಮಿಡಜೋಲಾಮ್ ಎಂಬ ಮದ್ದನ್ನು ಸ್ವಲ್ಪ ಕೊಟ್ಟಾಗ ರೋಗಿ ಎಡಮಗ್ಗುಲಲ್ಲಿ ಕಣ್ಣು ಮುಚ್ಚಿ ಮಲಗಿರುತ್ತಾರೆ. ‘ಉದ್ದಕ್ಕೆ ಉಸಿರು ತಗೊಳ್ಳಿ’ ಅಂದರೆ ತಗೊಳ್ಳುತ್ತಾರೆ. ಆಮೇಲೆ ಕೇಳಿದರೆ ಎಷ್ಟೋ ಜನಕ್ಕೆ ಅದು ನೆನಪೇ ಇರುವುದಿಲ್ಲ. ಈ ಸ್ಥಿತಿಗೆ ‘ಮಂಪರು’ ಚೆನ್ನಾಗಿ ಒಗ್ಗುತ್ತದೆ. ‘ಮತ್ತು’ ಅಂದರೆ ಕುಡಿತ ನೆನಪಾಗುತ್ತದೆ. ‘ಶಮನ’ ನೋವಿಗೆ ಸರಿ, ಇಲ್ಲಿಗೆ ಬೇಡ.

ಆದರೆ ಹಾಲಿನ ಹಾಗೆ ಬೆಳ್ಳಗಿರುವ ಪ್ರೊಪೊಫಾಲ್ ಎಂಬ ಮದ್ದು ಕೊಟ್ಟರೆ ಮಂಪರು ಅಲ್ಲಿಗೇ ನಿಲ್ಲುತ್ತದೆ ಅನ್ನುವಂತಿಲ್ಲ. ನೋಡನೋಡುತ್ತಲೇ ಅರಿವಳಿಕೆಗೆ ಜಾರಬಹುದು, ಉಸಿರೇ ನಿಲ್ಲಬಹುದು. ಮಿಡಜೋಲಾಮ್‌ಗೆ ಫ್ಲೂಮಾಜೆನಿಲ್, ನೋವು ತಗ್ಗಿಸುವ ಫೆಂಟನಿಲ್‌ಗೆ ನಲಾಕ್ಸೋನ್ ಎಂಬ, ಪರಿಣಾಮ ಇಳಿಸುವ ಮಾರುಮದ್ದಿದೆ. ಪ್ರೊಪೊಫಾಲ್‌ಗೆ ಅಂಥದ್ದಿಲ್ಲ. ಯಾರು ಕೊಡಬೇಕು ಎಂಬ ಜಗಳ ಹುಟ್ಟಿದ್ದೇ ಇಲ್ಲಿ. ಅರಿವಳಿಕೆಯ ತರಬೇತಿ ಆದವರೇ ಕೊಡಬೇಕು, ಅದೇ ಹೊತ್ತಿಗೆ ನಡೆಯುವ ಚಿಕಿತ್ಸೆಗೆ ಅವರು ಕೈ ಹಾಕಿರಬಾರದು ಎನ್ನುತ್ತದೆ ಅಮೆರಿಕದಲ್ಲಿ ಆ ಮದ್ದಿನ ಲೇಬಲ್. ಲೇಬಲ್ಲಿನ ಆ ಮಾತನ್ನು ತೆಗೆಯಿರಿ ಎಂದು ಅಲ್ಲಿನ ಜಠರ ತಜ್ಞರು 2005ರಲ್ಲಿ ಕೇಳಿದರು. 2010ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಪ್ಪಲಿಲ್ಲ. ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಲ್ಲಿ ತರಬೇತಾದ ನರ್ಸ್‌ಗಳೂ ಕೊಡುತ್ತಾರೆ.

ಕೊಡುವವರು ಯಾವ ಪದವಿಯವರು ಅನ್ನುವುದಕ್ಕಿಂತ ಅವರ ಕಣ್ಣು ಎಲ್ಲಿದೆ ಅನ್ನುವುದೇ ನನಗೆ ದೊಡ್ಡದು. ಕೊಳವೆ ಹಿಡಿದವರ ಕಣ್ಣು ಪರದೆಯ ಮೇಲಿರುತ್ತದೆ. ರೋಗಿಯ ಎದೆ ಏರಿಳಿಯುವುದನ್ನು ನೋಡಲು ಇನ್ನೊಬ್ಬರು ಬೇಕೇ ಬೇಕು. ಅದಕ್ಕೇ ‘ನೀಡಲಾಗುವುದು’ ನನಗೆ ಚುಚ್ಚುತ್ತಿದೆ. ಯಾರು ನೀಡುತ್ತಾರೆ ಅನ್ನೋದನ್ನೇ ಆ ಕ್ರಿಯಾಪದ ನುಂಗಿಬಿಡುತ್ತದೆ. ಸಹಿ ಹಾಕುವವರಿಗೆ ಮೊದಲು ಗೊತ್ತಾಗಬೇಕಾದ್ದು ಅದೇ ಅಲ್ವಾ?

ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ನಿಮಗೆ ಮಂಪರು ಬರಿಸುವ ಮದ್ದನ್ನು ಅರಿವಳಿಕೆ ತಜ್ಞರು ಕೊಡುತ್ತಾರೆ, ಎಚ್ಚರವಾಗುವವರೆಗೂ ಪಕ್ಕದಲ್ಲೇ ಇದ್ದು ನೋಡಿಕೊಳ್ಳುತ್ತಾರೆ.’ ತಜ್ಞರಿಲ್ಲದ ಕಡೆ ಕೊಡುವವರು ಯಾರೆಂದು ಬರೆಯಲು ಜಾಗ ಬಿಟ್ಟಿದ್ದೇನೆ.

ಉಳಿದಿರುವುದು ಆಳದ ಮಟ್ಟಗಳು. ತೀರಾ ಹಗುರದ್ದಕ್ಕೆ ‘ಜೊಂಪು’, ಕರೆದರೆ ಓಗೊಡುವಷ್ಟಿದ್ದರೆ ‘ಮಂಪರು’, ನೋವಾಗುವ ಹಾಗೆ ಅಲುಗಿಸಿದರೆ ಮಾತ್ರ ಮಿಸುಕಾಡುವುದಕ್ಕೆ ‘ಆಳ ಮಂಪರು’ ಅನ್ನಬಹುದೇ? ಜೊಂಪಿಗೂ ಮಂಪರಿಗೂ ನಿಮ್ಮ ಕಡೆ ಇದೇ ವ್ಯತ್ಯಾಸ ಇದೆಯೇ, ಇಲ್ಲಾ ಎರಡೂ ಒಂದೇ ಅನಿಸುತ್ತದೆಯೇ?