ಪುಟ್ಟನ ಥೆರಪಿ ವಿಷಯ, ಅತ್ತಿಗೆಗೆ ಮತ್ತು ಮಾವನಿಗೆ

ಅತ್ತಿಗೆ, ನಿಮ್ಮ ವಾಯ್ಸ್ ಮೆಸೇಜ್ ಈಗ ಕೇಳಿದೆ. ಪುಟ್ಟನಿಗೆ 6 ವರ್ಷ ಆದರೂ ಯೂನಿಫಾರ್ಮ್ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ, ನಾಲ್ಕು ಸಾಲು ಬರೆದರೆ ಕೈ ನೋವು ಅನ್ನುತ್ತಾನೆ, ರೇನ್‌ಕೋಟ್ ಕಂಡರೆ ಅಳು. ಟೀಚರ್ ಆಕ್ಯುಪೇಷನಲ್ ಥೆರಪಿಗೆ, ಅಂದರೆ ಬಟ್ಟೆ ಹಾಕಿಕೊಳ್ಳುವುದು, ಬರೆಯುವುದು ಇಂಥ ದಿನದ ಕೆಲಸ ರೂಢಿಸುವ ಚಿಕಿತ್ಸೆಗೆ ತೋರಿಸಿ ಅಂದಿದ್ದಾರೆ. ಮಾವ "ಸೋಂಬೇರಿತನ ಅಷ್ಟೇ, ಆಟ ಆಡಿಸೋಕೆ ಮೈಸೂರಿಗೆ ಯಾಕೆ?" ಅಂದರು. ಮಾವನೂ ಕೇಳಲಿ ಅಂತ ಗ್ರೂಪಿನಲ್ಲೇ ಹೇಳುತ್ತಿದ್ದೇನೆ. ನನ್ನ ಮಗಳಿಗಾಗಿ ಓಡಾಡಿದವಳು ನಾನು.

ಮಾವ, ಇದು ಸೋಂಬೇರಿತನ ಅಲ್ಲ. 5 ವರ್ಷಕ್ಕೆ ಹೆಚ್ಚಿನ ಮಕ್ಕಳು ಒಂದೆರಡು ಗುಂಡಿಯಾದರೂ ಹಾಕುತ್ತಾರೆ. ಇವನಿಗೆ ಆಗುತ್ತಿಲ್ಲ ಅಂದರೆ ಬೆರಳಿಗೆ ಬಲ ಸಾಲದಿರಬಹುದು. ಎರಡೂ ಕೈ ಒಟ್ಟಿಗೆ ಓಡದಿರಬಹುದು. ಬಟ್ಟೆ ಮೈಗೆ ತಾಗುವುದೇ ಕೆಲವು ಮಕ್ಕಳಿಗೆ ಹಿಂಸೆ. ಇದರಲ್ಲಿ ಯಾವುದು ಅಂತ ಥೆರಪಿಸ್ಟ್ ಕಂಡುಹಿಡಿಯುತ್ತಾರೆ. ಬಟ್ಟೆ ಕ್ಲಿಪ್ ಒತ್ತಿಸುವುದು ನೋಡಲು ಆಟವೇ. ಆದರೆ ಪೆನ್ಸಿಲ್ ಹಿಡಿಯುವುದೂ ಆ ಬೆರಳುಗಳೇ ಅಲ್ವಾ?

ಗುಂಡಿಗೆ ನಮಗೆ ಹೇಳಿಕೊಟ್ಟ ಉಪಾಯ ಹೇಳುತ್ತೇನೆ, ನಾಳೆಯೇ ಶುರು ಮಾಡಬಹುದು. ಅಜ್ಜನ ಹಳೇ ಸ್ವೆಟರ್ ತೆಗೆದುಕೊಳ್ಳಿ, ಗುಂಡಿ ದಪ್ಪ ಇರುತ್ತೆ. ನೀವೇ ಗುಂಡಿಯನ್ನು ಕಾಜದೊಳಗೆ ಅರ್ಧ ತೂರಿಸಿ ಬಿಟ್ಟುಬಿಡಿ. ಆಚೆಯಿಂದ ಎಳೆಯುವುದಷ್ಟೇ ಅವನ ಕೆಲಸ. "ನಾನೇ ಹಾಕಿದೆ" ಅನ್ನುತ್ತಾನೆ, ಅನ್ನಲಿ. ಅದು ಸಲೀಸಾದ ಮೇಲೆ ತೂರಿಸುವುದನ್ನೂ ಅವನಿಗೇ ಬಿಡಿ. ಕೊನೆಯಿಂದ ಹಿಂದಕ್ಕೆ ಕಲಿಸುವುದು ಇದು. ಬೆಳಿಗ್ಗೆ ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುವಾಗ ಮಾತ್ರ ಬೇಡ, ಸಂಜೆ ಮಾಡಿಸಿ. ಅಕ್ಕಿ ರೊಟ್ಟಿ ಹಿಟ್ಟನ್ನೂ ಅವನ ಕೈಗೆ ಕೊಡಿ, ನಾದಲಿ. ಬರೆಯಲು ಕೂತಾಗ ಕಾಲು ನೇತಾಡದಂತೆ ಕೆಳಗೆ ಮಣೆ ಇಡಿ.

ರೇನ್‌ಕೋಟ್ ವಿಷಯ ಥೆರಪಿಸ್ಟ್ ಹತ್ತಿರ ತಪ್ಪದೆ ಹೇಳಿ. ಆ ಪ್ಲಾಸ್ಟಿಕ್ ಸದ್ದಾ, ವಾಸನೆಯಾ, ಕುತ್ತಿಗೆಗೆ ಒತ್ತುವುದಾ, ಗಮನಿಸಿ. ನಮ್ಮ ಊರಲ್ಲಿ ಜೂನ್ ಬಂತೆಂದರೆ ಮಗು ದಿನಾ ಅದರೊಳಗೇ ಇರಬೇಕು. ದಿನವೂ ಅಳುತ್ತಾ ಸ್ಕೂಲಿಗೆ ಹೋದ ಮಗುವಿಗೆ ಪಾಠ ಹೇಗೆ ತಲೆಗೆ ಹತ್ತುತ್ತೆ? ನನಗೆ ಗುಂಡಿಗಿಂತ ಇದೇ ಜಾಸ್ತಿ ಚಿಂತೆ.

ಮೊದಲು ಮಡಿಕೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರಿಗೆ ತೋರಿಸಿ. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನೂ ನೋಡುತ್ತಾರೆ, ಅದರ ಬಗ್ಗೆ ಅಲ್ಲೇ ಕೇಳಿ. ಮೈಸೂರಿಗೆ ಹೋಗುವುದಾದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲೂ ಈ ಥೆರಪಿ ಇದೆ. 120 ಕಿಲೋಮೀಟರ್ ದಾರಿ, ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಬೇರೆ ಎಲ್ಲಿಗೇ ಹೋದರೂ ಬಿಒಟಿ, ಅಂದರೆ ಆಕ್ಯುಪೇಷನಲ್ ಥೆರಪಿ ಪದವಿ ಓದಿದವರಾ ಅಂತ ವಿಚಾರಿಸಿ. ಮನೆಯಲ್ಲಿ ಏನು ಮಾಡಿಸಬೇಕು ಅಂತ ಬರೆಸಿಕೊಂಡು ಬನ್ನಿ. ವಾರಕ್ಕೊಮ್ಮೆ ಅಲ್ಲಿ ಮಾಡಿಸಿದರೆ ಸಾಲದು, ಮಿಕ್ಕ ದಿನ ನಾವೇ ಅಲ್ವಾ?

ಎರಡು ವಾರದಲ್ಲಿ ಎಲ್ಲ ಸರಿಹೋಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ತಿಂಗಳುಗಳೇ ಹಿಡಿಯುತ್ತವೆ. ಅವನು ಬಟ್ಟೆ ಹಾಕಿಕೊಳ್ಳುವುದನ್ನು ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ, ಥೆರಪಿಸ್ಟ್‌ಗೆ ತೋರಿಸಬಹುದು. ಮಾವ, ನೀವೂ ಒಮ್ಮೆ ಜೊತೆಗೆ ಹೋಗಿ ಬನ್ನಿ. ನಿಮ್ಮ ಮಾತೆಂದರೆ ಪುಟ್ಟ ಕೇಳುತ್ತಾನೆ.