ಬ್ಯಾಗ್ ಫಿಲ್ಟರ್ ಪದೇ ಪದೇ ಜಾಮ್, ಸುಣ್ಣ ಬಿಟ್ಟು ಬೈಕಾರ್ಬೋನೇಟ್‌ಗೆ ಹೋಗ್ಬಹುದಾ? ಸಹಾಯ ಬೇಕು

ನಮಸ್ಕಾರ ಎಲ್ರಿಗೂ, ನಾನು ಆಸ್ಪತ್ರೆ ಕಸ ಸುಡೋ ಒಂದು ಸಣ್ಣ ಪ್ಲಾಂಟಲ್ಲಿ ಶಿಫ್ಟ್ ನೋಡ್ಕೋತೀನಿ. ಹಳದಿ ಚೀಲದೊಳಗೆ ಪಿವಿಸಿ ಡ್ರಿಪ್ ಟ್ಯೂಬ್‌ಗಳನ್ನೂ ತುಂಬಿ ಕಳಿಸ್ತಾರೆ (ಎಷ್ಟು ಸಲ ಹೇಳಿದ್ರೂ ಅಷ್ಟೇ), ಅದು ಉರಿದಾಗ ಹೊಗೆಯಲ್ಲಿ ಎಚ್‌ಸಿಎಲ್ (ಹೈಡ್ರೋಕ್ಲೋರಿಕ್ ಆಸಿಡ್ ಅನಿಲ) ಸರ್ರಂತ ಏರತ್ತೆ. 2016ರ ಆಸ್ಪತ್ರೆ ತ್ಯಾಜ್ಯದ ರೂಲ್ಸ್ ಪ್ರಕಾರ ಅದರ ಲಿಮಿಟ್ ಒಂದು ಘನ ಮೀಟರ್ ಹೊಗೆಗೆ 50 ಮಿಲಿಗ್ರಾಂ ಇರೋದು.

ಈಗ ಹೊಗೆ ಹೋಗೋ ಡಕ್ಟ್‌ಗೆ ಒಣ ಸುಣ್ಣದ ಪುಡಿ ಊದ್ತಿದ್ದೀವಿ, ಮುಂದೆ ಬ್ಯಾಗ್ ಫಿಲ್ಟರ್ (ಹೊಗೆಯ ಧೂಳು ಸೋಸೋ ಬಟ್ಟೆ ಚೀಲಗಳು) ಅದನ್ನ ಹಿಡಿಯತ್ತೆ. ಸುಣ್ಣ ಆಸಿಡ್ ಜೊತೆ ಸೇರಿ ಕ್ಯಾಲ್ಸಿಯಂ ಕ್ಲೋರೈಡ್ ಆಗತ್ತೆ, ಆದ್ರೆ ಅದು ತೇವ ಹೀರ್ಕೊಳ್ಳೋ ಜಾತಿ, ರಾತ್ರಿ ಪ್ಲಾಂಟ್ ನಿಲ್ಸಿ ಬೆಳಿಗ್ಗೆ ಶುರು ಮಾಡಿದ್ರೆ ಬ್ಯಾಗ್ ಮೇಲೆ ಕರಗಿದ ಬೆಲ್ಲದ ಥರ ಅಂಟ್ಕೊಂಡಿರತ್ತೆ, ಧೂಳು ಉದುರಿಸೋ ಪಲ್ಸ್ ಏರ್ (ಗಾಳಿಯ ಹೊಡೆತ) ಕೊಟ್ರೂ ಉದುರಲ್ಲ. ನಿನ್ನೆ ಒಂದು ಬ್ಯಾಗ್ ಬಿಚ್ಚಿ ಕೈಯಲ್ಲಿ ಕೆರೆದೆ, ಗ್ಲೌಸ್ ಅಂಟ್ಕೊಂಡೇ ಬಂತು.

ಸೋಡಿಯಂ ಬೈಕಾರ್ಬೋನೇಟ್ ಸುಮಾರು 140 ಡಿಗ್ರಿ ದಾಟಿದ್ರೆ ಒಡೆದು ತೂತು ತೂತು ಕಾರ್ಬೋನೇಟ್ ಆಗಿ ಆಸಿಡ್‌ನ ಚೆನ್ನಾಗಿ ಹಿಡಿಯತ್ತೆ ಅಂತ ಗೊತ್ತು. ನಮ್ಮ ಫಿಲ್ಟರ್ ಇನ್‌ಲೆಟ್ ಬಿಸಿ 170 ಡಿಗ್ರಿ ಆಸುಪಾಸು, ಬ್ಯಾಗ್ ಪಿಟಿಎಫ್‌ಇ (ಬಿಸಿ ತಡೆಯೋ ಟೆಫ್ಲಾನ್), ಹಾಗಾಗಿ ಬಿಸಿ ತೊಂದ್ರೆ ಇಲ್ಲ. ಲೆಕ್ಕಕ್ಕೆ ಒಂದು ಕೆಜಿ ಎಚ್‌ಸಿಎಲ್‌ಗೆ 2.3 ಕೆಜಿ ಬೈಕಾರ್ಬೋನೇಟ್, ಸುಣ್ಣ ಆದ್ರೆ ಒಂದೇ ಕೆಜಿ ಸಾಕು, ಆದ್ರೆ ನಾವಂತೂ ಅದರ ಎರಡು ಮೂರು ಪಟ್ಟು ಸುರೀತಿದ್ದೀವಿ.

ಯಾರಾದ್ರೂ ಬದಲಾಯಿಸಿದ್ದೀರಾ? ಪುಡಿ ನುಣ್ಣಗೆ ಮಾಡೋಕೆ ಮಿಲ್ ಇಡ್ಲೇಬೇಕಾ, ರೆಡಿ ಪುಡಿ ತಂದ್ರೆ ಚೀಲದಲ್ಲೇ ಗಟ್ಟಿ ಆಗತ್ತಾ? ಇಲ್ಲ, ರಾತ್ರಿ ಹಾಪರ್ (ಫಿಲ್ಟರ್ ಕೆಳಗೆ ಧೂಳು ಬೀಳೋ ತೊಟ್ಟಿ) ಹೀಟರ್ ಆನ್ ಇಟ್ಟು ಸುಣ್ಣದಲ್ಲೇ ಸುಧಾರಿಸ್ಬಹುದಾ? ಮ್ಯಾನೇಜರ್ ಸೋಮವಾರ ಉತ್ತರ ಕೇಳ್ತಾರೆ.